ಹದ ತಪ್ಪಿದ ಮೊಳೆ

ಹುಮನಾಬಾದಿನಲ್ಲಿ ನನ್ನದೊಂದು ಮೋಟಾರು ರಿಪೇರಿ ಅಂಗಡಿ ಇತ್ತು. ಅಂಗಡಿ ಅಂದರೆ ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಸಡಕಿನ ಮಗ್ಗುಲಿಗೆ ನಾಲ್ಕು ಕಂಬ, ಅವುಗಳ ಮೇಲೆ ತಗಡು, ಒಳಗೆ ಒಂದು ಕುಲುಮೆ, ಕಬ್ಬಿಣ ಬಡಿಯುವ ಒಂದು ಅಡಿಗಲ್ಲು, ಹಿಂದಿನ ಗೋಡೆಗೆ ಸಾಲಾಗಿ ತೂಗುಹಾಕಿದ, ಬೋಲ್ಟು ಬಿಚ್ಚುವ ಪಾನಾಗಳು. ಸೊಲ್ಲಾಪುರದ ಲಾರಿ ಕಾರ್ಖಾನೆಯೊಂದರಲ್ಲಿ ಆರು ವರ್ಷ ಕೈ ಕಪ್ಪು ಮಾಡಿಕೊಂಡು ಕೆಲಸ ಕಲಿತು ಬಂದವನು ನಾನು. ನಮ್ಮ ಸೀಮೆಯಲ್ಲಿ ಆಗ ಮೋಟಾರುಗಳೇ ಕಡಿಮೆ, ಅವನ್ನು ಬಿಚ್ಚಿ ಕೂಡಿಸಬಲ್ಲವರು ಇನ್ನೂ ಕಡಿಮೆ. ಚಿಟಗುಪ್ಪದಿಂದಲೂ ಕಲ್ಯಾಣಿಯಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಈಗ ಬಸವಕಲ್ಯಾಣ ಎನ್ನುವ ಊರನ್ನು ನಾವು ಆಗ ಕಲ್ಯಾಣಿ ಎನ್ನುತ್ತಿದ್ದೆವು. 'ಮಿಸ್ತ್ರಿ' ಎಂದು ಕರೆದರೆ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು. ಮುಂದೆ ನಡೆದದ್ದರಲ್ಲಿ ಆ ಉಬ್ಬಿನ ಪಾಲೂ ಇದೆ. ಅದಕ್ಕೇ ಮೊದಲು ಅದನ್ನು ಹೇಳಿದೆ.

ನನ್ನ ಅಕ್ಕನ ಗಂಡ ಕಲ್ಯಾಣಿಯ ಡಾಕ್ಟರರ ಹತ್ತಿರ ಡ್ರೈವರ್ ಆಗಿದ್ದ. ಘಾಟಬೋರಾಳದ ಒಕ್ಕಲಿನ ಮನೆಯವನು. ನೇಗಿಲು ಬಿಟ್ಟು ಗಾಡಿ ಹಿಡಿದಿದ್ದರೂ ಒಕ್ಕಲುತನ ಅವನನ್ನು ಬಿಟ್ಟಿರಲಿಲ್ಲ. ಮುಂಜಾನೆ ಮೋಟಾರಿನ ಮುಂದಿನ ಕವಚದ ಮೇಲೆ ಕೈಯಾಡಿಸಿ, ಎತ್ತಿನ ಭುಜ ತಟ್ಟಿದಂತೆ ಎರಡು ಸಲ ತಟ್ಟಿದ ಮೇಲೆಯೇ ಹ್ಯಾಂಡಲ್ ತಿರುಗಿಸುತ್ತಿದ್ದ. ಮಾತು ಕಡಿಮೆ. ಆಯಿತವಾರಕ್ಕೊಮ್ಮೆ ಸೇಂದಿ ಅಂಗಡಿಗೆ ಹೋಗಿ ಎರಡು ಲೋಟ ಕುಡಿದು, ಮನೆಗೆ ಬಂದು ಗೋಡೆಗೆ ಒರಗಿ ನಗುತ್ತ ಕೂರುತ್ತಿದ್ದ. ಅಕ್ಕ ಬೈಯುತ್ತಿದ್ದಳು. ಅವನು ಇನ್ನಷ್ಟು ನಗುತ್ತಿದ್ದ. ಕೆಲಸದ ದಿನ ಒಂದು ಹನಿ ಮುಟ್ಟಿದವನಲ್ಲ. ಇದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಡಾಕ್ಟರರ ಮೋಟಾರು ಅಮೆರಿಕದಿಂದ ಬಂದದ್ದು. ಕೊಂಡಾಗಲೇ ಹಳೆಯದು. ಎರಡನೇ ಮಹಾಯುದ್ಧ ಶುರುವಾಗಿ ಐದು ವರ್ಷ ಕಳೆಯುವ ಹೊತ್ತಿಗೆ ಅದರ ಮೈಯೆಲ್ಲ ಸಡಿಲಾಗಿತ್ತು. ಮುಂಬಯಿಯಿಂದ ಸಾಮಾನು ಬರುವುದು ನಿಂತೇ ಹೋಗಿತ್ತು. ಪತ್ರ ಬರೆದರೆ 'ಯುದ್ಧ ಮುಗಿಯಲಿ' ಎಂದು ಉತ್ತರ ಬರುತ್ತಿತ್ತು. ಕಲ್ಯಾಣಿಯ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ, ಹಾವಿನ ಕಡಿತ, ಕಾಲರಾ ಯಾವುದಕ್ಕೂ ಡಾಕ್ಟರರು ಆ ಗಾಡಿಯಲ್ಲೇ ಹೋಗಬೇಕು. ಹೀಗಾಗಿ ಅದು ನಿಲ್ಲುವ ಹಾಗಿರಲಿಲ್ಲ.

ಜೋಳದ ಹೊಲಗಳು ಕೊಯ್ಲಿಗೆ ಬಂದಿದ್ದ ದಿನಗಳು. ಒಂದು ಶುಕ್ರವಾರ ಭಾವ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಇಳಿದವನೇ ನನ್ನ ಕೈ ಹಿಡಿದು ಡ್ರೈವರ್ ಸೀಟಿನ ಮೇಲೆ ಕೂಡಿಸಿದ.

"ಈ ಸ್ಟಿಯರಿಂಗ್ ಚಕ್ರ ತಿರುಗಿಸಿ ನೋಡು. ಕೈಯಾಗ ಚಕ್ರ ಕಾಲು ಸುತ್ತು ತಿರುಗತದ, ಮುಂದಿನ ಗಾಲಿ ಮಾತ್ರ ಮಿಸುಕಂಗಿಲ್ಲ," ಎಂದ. "ಜೋರು ಹೊಡದ್ರ ಮುಂದಿನ ಗಾಲಿ ಎರಡೂ ಚಳಿಜ್ವರ ಬಂದಂಗ ನಡಗ್ತಾವ."

ನಾನು ಗಾಡಿಯ ಕೆಳಗೆ ನುಸುಳಿದೆ. ಅವನು ಮೇಲೆ ಕೂತು ಚಕ್ರವನ್ನು ಆಚೀಚೆ ಆಡಿಸಿದ. ಸ್ಟಿಯರಿಂಗಿನ ಪೆಟ್ಟಿಗೆಯಿಂದ ಕೆಳಕ್ಕೆ ಒಂದು ತೋಳು ಇಳಿದಿರುತ್ತದೆ. ಆ ತೋಳಿನ ತುದಿಯಲ್ಲಿ ತಲೆ ಗುಂಡಗಿರುವ ಒಂದು ಮೊಳೆ. ಆ ಗುಂಡುತಲೆ ಒಂದು ಉದ್ದ ಸರಳಿನ ಬಟ್ಟಲೊಳಗೆ ಕೂತಿರುತ್ತದೆ, ಆ ಸರಳು ಗಾಲಿಗಳನ್ನು ತಿರುಗಿಸುತ್ತದೆ. ಡ್ರೈವರನ ಕೈಗೂ ಗಾಲಿಗೂ ನಡುವೆ ಇರುವ ಸಂಬಂಧ ಅಷ್ಟೇ, ಬೆರಳು ಗಾತ್ರದ ಒಂದು ಮೊಳೆ. ಅದರ ತಲೆ ಸವೆದು ಬೇವಿನ ಹಣ್ಣಿನಂತೆ ಉದ್ದಗಾಗಿತ್ತು. ಬಟ್ಟಲೂ ಒಂದು ಕಡೆ ತಿಂದುಹೋಗಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಮೊಳೆ ಬಟ್ಟಲಿನಿಂದ ಹೊರಕ್ಕೆ ಜಿಗಿಯುತ್ತಿತ್ತು.

"ಹೊಸಾದು ಹಾಕಬೇಕು ಭಾವಾ," ಎಂದೆ.

"ಹೊಸಾದು ಎಲ್ಲಿಂದ ತರ್ತಿ?"

"ನಾನೇ ಮಾಡ್ತೀನಿ."

ಭಾವ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಅನುಮಾನ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನಿನಗ ಆಗತದ ಅಂದ್ರ ಆಗತದ," ಎಂದ.

ಕಲ್ಯಾಣಿಯಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ಒಬ್ಬ ಮುದುಕರು ಖರಾದಿ, ಅಂದರೆ ಕಡೆಯುವ ಕೆಲಸ ಮಾಡುತ್ತಿದ್ದರು. ಮಂಚದ ಕಾಲು, ತೊಟ್ಟಿಲ ಗುಬ್ಬಿಗಳನ್ನು ಕಡೆಯುವ ಮನೆತನ. ಇವರು ಮಾತ್ರ ಕಬ್ಬಿಣ ಕಡೆಯುವುದನ್ನೂ ಕಲಿತಿದ್ದರು. ಕಾಲಿನಿಂದ ತುಳಿದು ತಿರುಗಿಸುವ ಯಂತ್ರ ಅವರದು. ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ. ಅವರು ನನ್ನನ್ನು ಬೇಟಾ ಎನ್ನುತ್ತಿದ್ದರು. ಸೊಲ್ಲಾಪುರದಲ್ಲಿ ನಾನು ಕಲಿತದ್ದು ಬಿಚ್ಚುವುದು, ಜೋಡಿಸುವುದು. ಲೋಹದ ಸ್ವಭಾವ ಅಂತ ಏನಾದರೂ ನನಗೆ ತಿಳಿದಿದ್ದರೆ ಅದು ಅವರಿಂದ.

ಮುರಿದ ಲಾರಿಯ ಅಚ್ಚಿನ ತುಂಡೊಂದನ್ನು ಒಯ್ದು ಅವರ ಮುಂದಿಟ್ಟೆ. ಹಳೆಯ ಮೊಳೆಯನ್ನು ಅಳತೆಗೆ ಕೊಟ್ಟೆ. ಅವರು ಇಡೀ ಮಧ್ಯಾಹ್ನ ಕೂತು ಕಡೆದರು. ಕತ್ತು ಎಷ್ಟು ದಪ್ಪ ಇರಬೇಕೋ ಅಷ್ಟು, ತಲೆ ಎಷ್ಟು ಗುಂಡಗಿರಬೇಕೋ ಅಷ್ಟು. ಕೆಲಸ ಮುಗಿದ ಮೇಲೆ ಮೊಳೆಯನ್ನು ಅಂಗೈಯಲ್ಲಿ ಉರುಳಿಸಿ ತೋರಿಸಿ ಹೇಳಿದರು:

"ನೋಡು ಬೇಟಾ, ಇದು ಈಗ ಮೆತ್ತಗ ಅದ. ಕೆಂಪಗ ಕಾಸಿ ಅದ್ದಿದ್ರ ಗಟ್ಟಿ ಆಗತದ. ಖರೆ, ಅಲ್ಲಿಗೇ ಬಿಟ್ರ ಗಾಜು ಆಗತದ. ಗಟ್ಟಿ ಮಾಡಿದ ಮ್ಯಾಲ ಕತ್ತು ತಿಕ್ಕಿ ಬೆಳ್ಳಗ ಮಾಡು. ಸಣ್ಣ ಕೆಂಡದ ಮ್ಯಾಲ ಹಿಡಿ. ಮೊದಲು ಜೋಳದ ಸೊಪ್ಪಿ ಬಣ್ಣ ಬರತದ, ಆಮ್ಯಾಲ ಬದನಿಕಾಯಿ ಬಣ್ಣ, ಆಮ್ಯಾಲ ನೀಲಿ. ನೀಲಿ ಬಂದಾಗ ತೆಗಿ. ಆಗ ಅದು ಬಾಗತದ, ಮುರಿಯಂಗಿಲ್ಲ. ನಿನಗ ಗಡಿಬಿಡಿ ಭಾಳ. ಇದರಾಗ ಗಡಿಬಿಡಿ ಮಾಡಬ್ಯಾಡ."

"ಆತು ಉಸ್ತಾದ್," ಎಂದೆ.

ಮರುದಿನ ಅಂಗಡಿಯಲ್ಲಿ ಕುಲುಮೆ ಹೊತ್ತಿಸಿದೆ. ಭಾವ ಎದುರಿಗೆ ಒಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತು ತಿದಿ ಒತ್ತುತ್ತಿದ್ದ. ಮೊಳೆ ಕೆಂಪಾಯಿತು. ಎಣ್ಣೆಯಲ್ಲಿ ಅದ್ದಬೇಕಾಗಿತ್ತು. ಕುಸುಬಿ ಎಣ್ಣೆಗೆ ಆಗ ಎಲ್ಲರ ಮನೆಯಲ್ಲೂ ಬರ. ನೀರಿನಲ್ಲೇ ಅದ್ದಿದೆ. ಚುಂಯ್ ಎಂದು ಆವಿ ಎದ್ದಿತು. ಹೊರತೆಗೆದು ಅರದಿಂದ ತಿಕ್ಕಿದೆ. ಅರ ಹಿಡಿಯಲೇ ಇಲ್ಲ, ಗಾಜಿನ ಮೇಲೆ ಜಾರಿದಂತೆ ಜಾರಿತು. ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಇಷ್ಟು ಗಟ್ಟಿ ಮೊಳೆ ಇನ್ನು ಹತ್ತು ವರ್ಷ ಸವೆಯುವುದಿಲ್ಲ ಎಂದು ಭಾವನಿಗೆ ಹೇಳಿದೆ.

ಉಸ್ತಾದರ ಮಾತನ್ನು ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಕತ್ತು ತಿಕ್ಕಬೇಕು, ಸಣ್ಣ ಕೆಂಡ ಮಾಡಬೇಕು, ಬಣ್ಣ ಕಾಯುತ್ತ ಕೂರಬೇಕು. ಒಂದು ತಾಸಿನ ಕೆಲಸ. ಅಷ್ಟರಲ್ಲಿ ಚಿಟಗುಪ್ಪದ ಲಾರಿಯೊಂದು ಬಂದು ನಿಂತಿತ್ತು. ಅದರ ಮಾಲೀಕ ನಾಲ್ಕು ಜನರ ಮುಂದೆ, "ಈ ಮಿಸ್ತ್ರಿ ವಿಲಾಯತಿ ಸಾಮಾನು ಇಲ್ಲೇ ಮಾಡ್ತಾನಂತ," ಎಂದು ಹೊಗಳುತ್ತಿದ್ದ. ಅವನ ಕಣ್ಣೆದುರಿಗೇ ಮೊಳೆ ಕೂಡಿಸಿ, ಗಾಡಿ ಓಡಿಸಿ ತೋರಿಸಬೇಕು ಅನ್ನಿಸಿತು. ಇಷ್ಟು ಗಟ್ಟಿ ಆದದ್ದನ್ನು ಮತ್ತೆ ಕಾಸಿ ಯಾಕೆ ಮೆತ್ತಗೆ ಮಾಡಬೇಕು ಎಂದೂ ಅನ್ನಿಸಿತು.

"ಗಡಿಬಿಡಿ ಏನಿಲ್ಲ ತಮ್ಮಾ," ಎಂದ ಭಾವ. "ಡಾಕ್ಟರ್ ಸಾಹೇಬ್ರು ಇವತ್ತು ಟಾಂಗಾದಾಗ ಹೋಗ್ಯಾರ. ನಾಳಿಗೆ ಕೊಟ್ರೂ ನಡಿತದ."

"ಆಗಿ ಹೋತಲ್ಲ ಭಾವಾ, ಇನ್ನೇನದ," ಎಂದೆ.

ಬಟ್ಟಲನ್ನೂ ತಿದ್ದಿ, ಒಳಗಿನ ಸ್ಪ್ರಿಂಗನ್ನು ಬಿಗಿ ಮಾಡಿ, ಮೊಳೆ ಕೂಡಿಸಿದೆ. ಭಾವ ಸಡಕಿನ ಮೇಲೆ ಒಂದು ಸುತ್ತು ಹೋಗಿ ಬಂದ. ಚಕ್ರದಲ್ಲಿ ಒಂದಿಷ್ಟೂ ಆಟವಿರಲಿಲ್ಲ. ಗಾಲಿ ನಡುಗುತ್ತಿರಲಿಲ್ಲ. ಇಳಿದು ನನ್ನ ಬೆನ್ನು ತಟ್ಟಿ ನಕ್ಕ. ಲಾರಿಯವನು 'ವಾಹ್' ಎಂದ.

ಮೂರು ವಾರ ಗಾಡಿ ಚೆನ್ನಾಗಿ ಓಡಿತು.

ಆಮೇಲೆ ಒಂದು ಮುಂಜಾನೆ ಎತ್ತಿನ ಗಾಡಿಯವನೊಬ್ಬ ಬಂದು, ಕಲ್ಯಾಣಿ ದಾರಿಯಲ್ಲಿ ಡಾಕ್ಟರರ ಮೋಟಾರು ಹಳ್ಳಕ್ಕೆ ಬಿದ್ದಿದೆ ಎಂದು ಹೇಳಿದ. ಕೈಯಲ್ಲಿದ್ದ ಪಾನಾ ಹಿಡಿದುಕೊಂಡೇ ಓಡಿದೆ. ಯಾವುದೋ ಲಾರಿ ಹತ್ತಿದ್ದು ನೆನಪಿದೆ, ಯಾರದ್ದೆಂದು ನೆನಪಿಲ್ಲ.

ಸಡಕು ಅಲ್ಲಿ ಇಳಿಜಾರಿನಲ್ಲಿ ಬಂದು ಎಡಕ್ಕೆ ಹೊರಳಿ ಸಣ್ಣದೊಂದು ಸೇತುವೆ ದಾಟುತ್ತದೆ. ಮೋಟಾರು ಎಡಕ್ಕೆ ಹೊರಳಿರಲಿಲ್ಲ. ನೆಟ್ಟಗೆ ಹೋಗಿ ಕೆಳಗಿನ ಬಂಡೆಗೆ ಮೂತಿ ಹೊಡೆದಿತ್ತು. ಹಿಂದೆ ಕೂತಿದ್ದ ಡಾಕ್ಟರರಿಗೆ ತಲೆಗೆ ಪೆಟ್ಟು, ಭುಜದ ಮೂಳೆ ಮುರಿತ. ಪ್ರಜ್ಞೆ ಇರಲಿಲ್ಲ. ಅವರನ್ನು ಆಗಲೇ ಎತ್ತಿನ ಗಾಡಿಯಲ್ಲಿ ಮಲಗಿಸಿ ಕಳಿಸಿದ್ದರು. ಭಾವ ಸೀಟಿನಲ್ಲೇ ಇದ್ದ. ಸ್ಟಿಯರಿಂಗಿನ ದಂಡ ಅವನ ಎದೆಗೆ ಒತ್ತಿ ನಿಂತಿತ್ತು. ಎರಡೂ ಕೈ ಚಕ್ರವನ್ನು ಹಿಡಿದೇ ಇದ್ದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನು.

ಠಾಣೆಯಿಂದ ಪೊಲೀಸ್ ಅಧಿಕಾರಿ ಅಮೀನ್ ಸಾಹೇಬ ಕುದುರೆಯ ಮೇಲೆ ಬಂದ. ಹೆಣವನ್ನು ಹೊರಗೆ ಮಲಗಿಸಿದ ಮೇಲೆ ಬಗ್ಗಿ ಮೂಸಿ ನೋಡಿದ. ನನ್ನ ಕಡೆ ತಿರುಗಿ, "ಮಿಸ್ತ್ರಿ ನೀನೇ ಏನು? ಕೆಳಗ ಹೋಗಿ ನೋಡು. ಗಾಡಿದಾಗ ಏನರ ಕಸರು ಇತ್ತೇನು, ಹೇಳು," ಎಂದ.

ನಾನು ಗಾಡಿಯ ಕೆಳಗೆ ತೆವಳಿದೆ. ಮೊಳೆ ಕತ್ತಿನ ಹತ್ತಿರ ಎರಡಾಗಿತ್ತು. ಅರ್ಧ ತೋಳಿನಲ್ಲಿ, ಗುಂಡುತಲೆ ಬಟ್ಟಲಿನಲ್ಲಿ. ಒಂದಿಷ್ಟೂ ಬಾಗಿರಲಿಲ್ಲ. ಮುರಿದ ಜಾಗ ಹರಳು ಹರಳಾಗಿ ಹೊಳೆಯುತ್ತಿತ್ತು. ಬಿದ್ದ ಪೆಟ್ಟಿಗೆ ಮುರಿದದ್ದಾಗಿದ್ದರೆ ಮೊದಲು ಬಾಗಬೇಕು, ಆಮೇಲೆ ಹರಿಯಬೇಕು. ಇದು ಇಳಿಜಾರಿನಲ್ಲಿ ಯಾವುದೋ ಕುಳಿಗೆ ಗಾಲಿ ಕುಕ್ಕಿದಾಗಲೇ ಗಾಜಿನ ಬಳೆಯಂತೆ ಮುರಿದಿತ್ತು. ಇದನ್ನು ತಿಳಿಯಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಅಲ್ಲೇ ಎಣ್ಣೆ, ಮಣ್ಣು, ರಕ್ತದ ವಾಸನೆಯ ನಡುವೆ ಅಂಗಾತ ಮಲಗಿದ್ದೆ. ಹೊರಗೆ ಅಮೀನನ ಬೂಟುಗಳು ಕಾಣುತ್ತಿದ್ದವು.

"ಏನು?" ಎಂದ ಅವನು.

"ಬ್ರೇಕ್ ನೆಟ್ಟಗ ಅವ ಸಾಹೇಬ್."

"ಮತ್ತ?"

"ಸ್ಟಿಯರಿಂಗಿಂದು ಒಂದು ಮೊಳಿ ಮುರದದ. ಬಿದ್ದ ಪೆಟ್ಟಿಗಿ ಮುರದದ್ದು."

ಹೊರಗೆ ಬಂದಾಗ ಅವನು ಹೇಳಿದ, "ಕುಡದಾನ. ವಾಸನಿ ಬರ್ಲಿಕ್ಕತ್ತದ ನೋಡು."

ವಾಸನೆ ಬರುತ್ತಿದ್ದದ್ದು ನಿಜ. ಆದರೆ ಅದು ಸೇಂದಿಯ ಹುಳಿ ವಾಸನೆಯಲ್ಲ. ಡಾಕ್ಟರರ ಔಷಧದ ಪೆಟ್ಟಿಗೆ ಮುಂದಿನ ಸೀಟಿನ ಮೇಲೆ ಇರುತ್ತಿತ್ತು. ಅದರಲ್ಲಿದ್ದ ಸ್ಪಿರಿಟ್ಟಿನ ಬಾಟಲಿ ಒಡೆದು ಭಾವನ ಅಂಗಿಯೆಲ್ಲ ತೊಯ್ದಿತ್ತು. ಒಡೆದ ಗಾಜು ಅಲ್ಲೇ ಬಿದ್ದಿತ್ತು. ನಾನು ಬಾಯಿ ತೆರೆಯಲಿಲ್ಲ.

"ನಿನಗ ಏನಾಗಬೇಕು ಇವಾ?"

"ಅಕ್ಕನ ಗಂಡ."

ಅಮೀನ್ ನನ್ನ ಭುಜದ ಮೇಲೆ ಕೈಯಿಟ್ಟ. ಆ ಕರುಣೆಯನ್ನೂ ನಾನು ತೆಗೆದುಕೊಂಡೆ. ಉರ್ದುವಿನಲ್ಲಿ ಬರೆದ ಪಂಚನಾಮೆಗೆ ಸಹಿ ಮಾಡಿದೆ. ಡ್ರೈವರ್ ಕುಡಿದಿದ್ದ, ತಿರುವು ಅವನ ಕಣ್ಣಿಗೆ ಬೀಳಲಿಲ್ಲ, ಗಾಡಿಯಲ್ಲಿ ಕಸರು, ದೋಷ ಏನೂ ಇರಲಿಲ್ಲ.

ಜೈಲಿಗೆ ಹೆದರಿದೆ. ಅದು ಮೊದಲ ಕಾರಣ. ನಾನು ಜೈಲಿಗೆ ಹೋದರೆ ಅಕ್ಕನಿಗೂ ಅವಳ ಮಗಳಿಗೂ ಯಾರು ದಿಕ್ಕು ಎಂಬುದು ಆಮೇಲೆ, ರಾತ್ರಿ ನಿದ್ದೆ ಬಾರದೆ ಇದ್ದಾಗ ನಾನು ಹುಡುಕಿಕೊಂಡ ಕಾರಣ.

ಹೆಣವನ್ನು ಘಾಟಬೋರಾಳಕ್ಕೆ ಒಯ್ದೆವು. ಅಕ್ಕ ಅಳಲಿಲ್ಲ. ಕುಡಿದು ಸತ್ತ ಎಂಬ ಮಾತು ಹೆಣಕ್ಕಿಂತ ಮೊದಲೇ ಊರು ಮುಟ್ಟಿತ್ತು. ಅಂಗಿಗೆ ಅಂಟಿದ್ದ ವಾಸನೆಯೂ ಪೂರ್ತಿ ಹೋಗಿರಲಿಲ್ಲ. ಅವಳು ಹೆಣದ ತಲೆಯ ಹತ್ತಿರ ನಿಂತು ಊರ ಮುಂದೆ ಹೇಳಿದಳು:

"ಡಾಕ್ಟರ್ ಸಾಹೇಬ್ರನ್ನ ಕೊಲ್ಲಾಕ ಹೋಗಿದ್ದಿಯಲ್ಲೋ ಪಾಪಿ. ನಿನ್ನ ಮಗಳ ಮಾರಿ ನೆನಪಾಗಲಿಲ್ಲೇನು ನಿನಗ? ನಿನ್ನ ಸೇಂದಿನೇ ಹೆಚ್ಚಾತೇನು? ನಿನ್ನ ಹೆಸರು ನನ್ನ ಬಾಯಾಗ ಇನ್ನ ಬರಂಗಿಲ್ಲ."

ಭಾವನ ಅಪ್ಪ ಗೋಡೆಗೆ ಒರಗಿ ಕೂತಿದ್ದ. "ನನ್ನ ಮಗಾ ಕೆಲಸದ ದಿನ ಕುಡಿಯಾಂವಲ್ಲ," ಎಂದ. ಯಾರೂ ಕಿವಿಗೊಡಲಿಲ್ಲ. "ನೀವೇ ಕಲಿಸಿದ್ದು," ಎಂದು ಅಕ್ಕ ಅವನ ಮೇಲೂ ಹರಿಹಾಯ್ದಳು. ಮಾತಿಗೆ ಮಾತು ಬೆಳೆಯಿತು. ಮಣ್ಣು ಮಾಡಿ ಬಂದ ಮೂರನೇ ದಿನ ಅಕ್ಕ ಮಗಳ ಕೈ ಹಿಡಿದುಕೊಂಡು ಹುಮನಾಬಾದಿಗೆ, ನನ್ನ ಮನೆಗೆ ಬಂದಳು. ಆ ಮನೆಗೆ ಮತ್ತೆ ಕಾಲಿಡುವುದಿಲ್ಲ ಎಂದಳು.

ನನಗಿನ್ನೂ ಮದುವೆ ಆಗಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ತಿನ್ನುತ್ತಿದ್ದೆ. ಸೊಸೆ, ಅಂದರೆ ಅಕ್ಕನ ಮಗಳು, ಆಗ ಆರು ವರ್ಷದವಳು. ಒಮ್ಮೆ ನೆರೆಮನೆಯ ಹೆಂಗಸು ಅವಳನ್ನು, "ನಿಮ್ಮಪ್ಪಗ ಏನಾಗಿತ್ತು?" ಎಂದು ಕೇಳಿದಳು. "ಕುಡದು ಸತ್ತಾ," ಎಂದಿತು ಮಗು, ಪಾಠ ಒಪ್ಪಿಸಿದಂತೆ. ನಾನು ಅಂಗಳದಲ್ಲಿ ಮುಖ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ.

ಗಾಡಿಯನ್ನು ಎಳೆದು ತಂದು ಬಿಚ್ಚುವ ಕೆಲಸವೂ ನನ್ನ ಪಾಲಿಗೇ ಬಂತು. ಮೊಳೆಯ ಎರಡು ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಲ್ಯಾಣಿಗೆ ಹೋದೆ. ಯಾಕೆ ಹೋದೆನೋ ಇವತ್ತಿಗೂ ಸರಿಯಾಗಿ ಹೇಳಲಾರೆ. ನಿನ್ನ ತಪ್ಪಲ್ಲ ಎಂದು ಯಾರಾದರೂ ಹೇಳಲಿ ಎಂಬ ಆಸೆ ಇದ್ದಿರಬೇಕು. ಉಸ್ತಾದರು ತುಂಡನ್ನು ಕಣ್ಣ ಹತ್ತಿರ ಹಿಡಿದು, ಬಾಗಿಲ ಬೆಳಕಿಗೆ ಹೋಗಿ, ಬಹಳ ಹೊತ್ತು ನೋಡಿದರು.

"ನೀಲಿ ಬರೋತನಕ ಕಾಯಲಿಲ್ಲ ನೀನು," ಎಂದರು.

"ಹೌದು ಉಸ್ತಾದ್," ಎಂದೆ.

"ನಿಮ್ಮ ಅಕ್ಕಗ ಹೇಳಿದಿ?"

"ಇಲ್ಲ ಉಸ್ತಾದ್."

ಅವರು ತುಂಡುಗಳನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿ ನನ್ನ ಕೈಗೆ ಕೊಟ್ಟರು. "ನಾ ಹೇಳಂಗಿಲ್ಲ ಬೇಟಾ. ಇದು ನೀ ಹೇಳೋ ಮಾತು. ಖರೆ, ಹೇಳೋತನಕ ನನ್ನ ಅಂಗಡಿಗಿ ಬರಬ್ಯಾಡ," ಎಂದರು. ಹಿಂದಿರುಗುವಾಗ ದಾರಿಯ ಹಾಳು ಬಾವಿಯೊಂದಕ್ಕೆ ಆ ಗಂಟನ್ನು ಎಸೆದೆ. ಎಸೆದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ.

ವರ್ಷಗಳು ಹೋದವು. ಯುದ್ಧ ಮುಗಿಯಿತು. ಮುಂಬಯಿಯಿಂದ ಸಾಮಾನು ಬರತೊಡಗಿತು. ನನ್ನ ಅಂಗಡಿ ಬೆಳೆಯಿತು. ಆಮೇಲೆ ನಮ್ಮ ಸೀಮೆಗೆ ಆ ಕೆಟ್ಟ ವರ್ಷ ಬಂತು. ಗೋರ್ಟಾ ಹಳ್ಳಿಯಲ್ಲಿ ನಿಜಾಮರ ಪರದ ರಜಾಕಾರರು ಮಾಡಿದ ಕೊಲೆಗಳ ಸುದ್ದಿ ಬಂದ ದಿನ ಇಡೀ ಊರು ಬಾಗಿಲು ಹಾಕಿಕೊಂಡಿತ್ತು. ಕೆಲವೇ ತಿಂಗಳಲ್ಲಿ ಹಿಂದುಸ್ತಾನದ ಫೌಜು ಬಂತು, ನಿಜಾಮರ ಆಡಳಿತ ಹೋಯಿತು. ಆಗ ಸೇಡು ಮುಸಲ್ಮಾನರ ಕಡೆಗೆ ತಿರುಗಿತು, ಏನೂ ಮಾಡದವರ ಮನೆಗಳ ಮೇಲೂ ಬಿತ್ತು. ಎರಡು ವಾರದ ಮೇಲೆ ಕಲ್ಯಾಣಿಗೆ ಹೋದಾಗ ಉಸ್ತಾದರ ಅಂಗಡಿಗೆ ಬೀಗವಿತ್ತು. ಮುದುಕರು ಮನೆಮಂದಿಯನ್ನು ಎತ್ತಿನ ಗಾಡಿಯಲ್ಲಿ ಕೂಡಿಸಿಕೊಂಡು ಹೈದರಾಬಾದಿನ ಕಡೆ ಹೋದರು ಎಂದಷ್ಟೇ ಪಕ್ಕದ ಮನೆಯವರಿಗೆ ಗೊತ್ತಿತ್ತು. ಮುಟ್ಟಿದರೋ ಇಲ್ಲವೋ ಯಾರೂ ಹೇಳಲಿಲ್ಲ. ಆ ಬೀಗದ ಮುಂದೆ ನಿಂತಾಗ ನನಗೆ ಹೊಳೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಮೊದಲು ಹೊಳೆದದ್ದು, ಇನ್ನು ಆ ಸಂಗತಿ ಗೊತ್ತಿರುವವನು ನಾನೊಬ್ಬನೇ ಎಂಬುದು. ಆ ಗಳಿಗೆಗೆ ಒಂದು ಥರ ನಿರಾಳವೂ ಆಯಿತು. ಅದರ ಹಿಂದೆಯೇ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಆ ಚಳಿಗಾಲದಲ್ಲಿ ಡಾಕ್ಟರರು ಬೇರೊಂದು ಹಳೆಯ ಮೋಟಾರು ಕೊಂಡು ನನ್ನ ಅಂಗಡಿಗೆ ತಂದರು. ಈಗ ಅವರೇ ಓಡಿಸುತ್ತಿದ್ದರು. ಎಡ ಭುಜ ಇನ್ನೂ ಸರಿಯಾಗಿ ಏಳುತ್ತಿರಲಿಲ್ಲ. ನಾನು ಮುಂದಿನ ಗಾಲಿಗಳನ್ನು ಎತ್ತಿ ಅಲುಗಿಸಿ ನೋಡುತ್ತಿದ್ದೆ. ಅವರು ಪಕ್ಕದಲ್ಲಿ ನಿಂತು ಸಿಗರೇಟು ಸೇದುತ್ತ, ತಮ್ಮಷ್ಟಕ್ಕೆ ಎಂಬಂತೆ ಮಾತಾಡಿದರು:

"ನಿಮ್ಮ ಭಾವನ ಮ್ಯಾಲ ನನಗ ಸಿಟ್ಟಿಲ್ಲ ನೋಡು. ಒಳ್ಳೆ ಮನುಷ್ಯ. ಅವತ್ತ ಯಾಕ ಕುಡದಿದ್ನೋ ಏನೋ. ನಾ ಹಿಂದ ಕಣ್ಣು ಮುಚ್ಚಿ ಕೂತಿದ್ದೆ. ಒಮ್ಮೆಲೆ ಒದರಿದ. ಕಣ್ಣು ತೆಗದು ನೋಡ್ತೀನಿ, ಆ ಚಕ್ರಾ ಹುಚ್ಚು ಹಿಡದಂಗ ಸುತ್ತ ತಿರುಗಿಸ್ಲಿಕ್ಕತ್ತಿದ್ದ. 'ಹಿಡೀವಲ್ದು, ಹಿಡೀವಲ್ದು' ಅಂತಿದ್ದ. ಬ್ರೇಕ್ ಹಿಡಿವಲ್ದು ಅಂತ ನಾ ತಿಳದಿದ್ದೆ. ಬ್ರೇಕ್ ನೆಟ್ಟಗಿದ್ವು ಅಂತ ನೀನೇ ಬರದು ಕೊಟ್ಟಿದ್ದಿ. ಕುಡದವರು ಏನರ ಒದರ್ತಾರ."

ಹಿಡಿಯದೆ ಇದ್ದದ್ದು ಬ್ರೇಕ್ ಅಲ್ಲ. ಚಕ್ರ ಸುತ್ತ ತಿರುಗುತ್ತಿತ್ತು, ಗಾಲಿ ಹಿಡಿಯುತ್ತಿರಲಿಲ್ಲ. ಭಾವ ನನ್ನ ಮೊಳೆಯ ಬಗ್ಗೆ ಮಾತಾಡಿದ್ದ. ಸಾಯುವ ಮುಂಚೆ ನಡೆದದ್ದನ್ನು ನಡೆದ ಹಾಗೆ ಹೇಳಿ ಸತ್ತಿದ್ದ. ಅದನ್ನೂ ಕುಡುಕನ ಮಾತು ಮಾಡಿದವನು ನಾನು.

ಅವತ್ತು ಮಧ್ಯಾಹ್ನವೇ ಮನೆಗೆ ಹೋದೆ. ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೊಸೆ ನೆರೆಮನೆಗೆ ಹೋಗಿದ್ದಳು. ನಾನು ಹೊಸ್ತಿಲ ಹತ್ತಿರ ಕೂತು, ಮೊಳೆ ಮಾಡಿದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮೊರ ಆಡುವುದು ಎಲ್ಲಿ ನಿಂತಿತು ಎಂದು ನನಗೆ ತಿಳಿಯಲಿಲ್ಲ.

"ಮತ್ತೊಮ್ಮೆ ಹೇಳು," ಎಂದಳು.

ಮತ್ತೊಮ್ಮೆ ಹೇಳಿದೆ.

"ಆ ವಾಸನಿ?"

"ಡಾಕ್ಟರ್ ಪೆಟ್ಟಿಗ್ಯಾಗಿನ ಸ್ಪಿರಿಟ್. ಬಾಟ್ಲಿ ಒಡದಿತ್ತು."

"ನಿನಗ ಅವತ್ತೇ ಗೊತ್ತಿತ್ತು?"

"ಗೊತ್ತಿತ್ತು."

"ನಾ ಅವನ ಹೆಣದ ಮುಂದ ನಿಂತು ಏನಂದೆ, ನೆನಪದ ನಿನಗ?"

"ಅದ ಅಕ್ಕಾ."

"ನಾ ಹಂಗ ಅನ್ನೋ ಮುಂದ ನೀ ಎಲ್ಲಿದ್ದಿ?"

"ನಿನ್ನ ಮಗ್ಗಲಿಗೇ ನಿಂತಿದ್ದೆ."

ಅವಳು ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಮೊರದಲ್ಲಿದ್ದ ಜೋಳವನ್ನು ಒಂದು ಕಾಳೂ ಚೆಲ್ಲದಂತೆ ಗಡಿಗೆಗೆ ಸುರಿದಳು. ಸೆರಗು ಹೊದ್ದುಕೊಂಡಳು. "ನಾಕು ವರ್ಷ ನನ್ನ ಕೈ ರೊಟ್ಟಿ ತಿಂದಿ," ಎಂದಳು. ಧ್ವನಿ ಏರಲಿಲ್ಲ. "ನಡಿ. ಮುದುಕನ ಮುಂದ ಹೇಳು ನಡಿ."

ಮರುದಿನ ಮುಂಜಾನೆ ಮೂವರೂ ಘಾಟಬೋರಾಳಕ್ಕೆ ಹೋದೆವು. ಗಾಡಿಯಲ್ಲಿ ಸೊಸೆ, "ಯಾರ ಮನಿಗಿ ಹೊಂಟೇವಿ?" ಎಂದು ಎರಡು ಸಲ ಕೇಳಿದಳು. ಮುದುಕ, ಭಾವನ ಅಪ್ಪ, ದನದ ಕೊಟ್ಟಿಗೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ನೋಡಿಯೂ ಹೊಸೆಯುವುದನ್ನು ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಮುಗಿಸುವ ಹೊತ್ತಿಗೆ ಅಕ್ಕ ಅವನ ಕಾಲ ಮೇಲೆ ಬಿದ್ದಿದ್ದಳು. ನಾಲ್ಕು ವರ್ಷ ಬಾರದ ಅಳು ಅವತ್ತು ಬಂತು. ಮುದುಕ ಅವಳ ತಲೆಯ ಮೇಲೆ ಕೈಯಿಟ್ಟ. ನಂತರ ನನ್ನ ಕಡೆ ನೋಡಿದ.

"ಆ ಮೊಳಿ ಮುರದ ಮ್ಯಾಲ ಗಾಡಿ ಬೀಳೋತನಕ ಎಷ್ಟ ಹೊತ್ತು ಹಿಡದಿರತದ?"

"ನಾಕೈದು ಸಲ ಉಸಿರು ತಗೊಳ್ಳೋ ಅಷ್ಟು ಹೊತ್ತು ಆಗಿರತದ್ರಿ."

"ಅಷ್ಟ್ರಾಗ ಅವಗ ತಿಳದಿರತದ. ನೀ ಮಾಡಿದ್ದು ಮುರದದ ಅಂತ."

ಇದನ್ನು ನಾನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸದಂತೆ ನೋಡಿಕೊಂಡಿದ್ದೆ ಅನ್ನಬೇಕು. ಸ್ಟಿಯರಿಂಗಿನಲ್ಲಿ ಮುರಿದದ್ದು ಏನೆಂದು ತಿಳಿಯದಷ್ಟು ಕಚ್ಚಾ ಡ್ರೈವರ್ ಆಗಿರಲಿಲ್ಲ ಭಾವ.

"ತಿಳದಿರತದ್ರಿ," ಎಂದೆ.

ಮುದುಕ ತಲೆಯಾಡಿಸಿದ. "ಆತು. ನೀರು ಕುಡದು ಹೋಗು," ಎಂದ. ಬಯ್ಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಸೊಸೆಯನ್ನು ಹತ್ತಿರ ಕರೆದು, "ನಿಮ್ಮಪ್ಪ ಕುಡದು ಸತ್ತಿಲ್ಲ ಕೂಸ," ಎಂದ. ಅವಳು ತಾಯಿಯ ಮುಖ ನೋಡಿದಳು. ನಂಬಬೇಕೋ ಬೇಡವೋ ಎಂದು ಅವಳಿಗೆ ತಿಳಿದಂತೆ ಕಾಣಲಿಲ್ಲ. ನಾನು ಒಬ್ಬನೇ ಹಿಂದಿರುಗಿದೆ.

ಡಾಕ್ಟರರಿಗೂ ಹೇಳಿದೆ. ಅವರು ಕುರ್ಚಿಯ ಮೇಲೆ ಕೂತರು. "ಪೆಟ್ಟಿಗ್ಯಾಗ ಸ್ಪಿರಿಟ್ ಇತ್ತು ಅನ್ನೋದು ನನಗೂ ಗೊತ್ತಿತ್ತಲ್ಲ," ಎಂದರು. "ಡಾಕ್ಟರ್ ಆಗಿ ನಾನೂ ವಿಚಾರ ಮಾಡಲಿಲ್ಲ." ಅದೇ ವಾರ ಅವರು ಘಾಟಬೋರಾಳಕ್ಕೆ ಹೋಗಿ ಊರ ಹಿರಿಯರ ಮುಂದೆ ಡ್ರೈವರನ ತಪ್ಪಿರಲಿಲ್ಲ ಎಂದು ಹೇಳಿ ಬಂದರಂತೆ. ಮೋಟಾರನ್ನು ಮಾತ್ರ ನನ್ನ ಅಂಗಡಿಯಿಂದ ಎಳೆಸಿಕೊಂಡು ಬೇರೆ ಕಡೆ ಒಯ್ದರು. ಅದು ಸರಿಯೇ ಆಗಿತ್ತು. ಠಾಣೆಗೂ ಹೋದೆ. ಆ ಅಮೀನ್ ಎಲ್ಲಿಗೋ ಹೋಗಿದ್ದ. ಹೊಸದಾಗಿ ಬಂದ ಗುಮಾಸ್ತ ನನ್ನ ಮಾತು ಕೇಳಿ, "ಆ ಸರಕಾರನೇ ಹೋತು, ಆ ಕಾಗದ ಯಾರು ಹುಡಕತಾರ? ಹೋಗು ಮಾರಾಯಾ, ಇದ್ದ ತ್ರಾಸೇ ಸಾಕಾಗ್ಯಾದ," ಎಂದ. ಆ ಪಂಚನಾಮೆ ಎಲ್ಲಾದರೂ ಉಳಿದಿದ್ದರೆ ಅದರಲ್ಲಿ ಭಾವ ಇನ್ನೂ ಕುಡಿದೇ ಇದ್ದಾನೆ.

ಸುದ್ದಿ ಹರಡಿತ್ತು. ಕೆಲವರು ಬರುವುದನ್ನು ಬಿಟ್ಟರು, ಕೆಲವರು ಬಂದರು. ಕುಲುಮೆಯನ್ನು ಕಿತ್ತು ಹಾಕಿದೆ. ಸ್ಟಿಯರಿಂಗಿನ ಯಾವ ತುಂಡನ್ನೂ ಆಮೇಲೆ ನಾನು ಕೈಯಾರೆ ಮಾಡಲಿಲ್ಲ. ಸಾಮಾನು ಬರುವತನಕ ಗಾಡಿ ನಿಲ್ಲಲಿ ಎನ್ನುತ್ತಿದ್ದೆ, ಬೈದರೂ ಸರಿ.

ತಿಂಗಳಾದ ಮೇಲೆ ಅಕ್ಕನ ಸೀರೆಗಳನ್ನೂ ಸೊಸೆಯ ಲಂಗಗಳನ್ನೂ ಗಂಟು ಕಟ್ಟಿಕೊಂಡು ಘಾಟಬೋರಾಳಕ್ಕೆ ಹೋದೆ. ಮುದುಕ ಹೊಲಕ್ಕೆ ಹೋಗಿದ್ದ. ಅಕ್ಕ ಬಾಗಿಲಿಗೆ ಬಂದಳು. ಸೊರಗಿದ್ದಳು. ಗಂಟನ್ನು ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು. ಒಳಗೆ ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

"ಉಂಡಿ ಏನು?" ಎಂದಳು.

"ಉಂಡೆ ಅಕ್ಕಾ," ಎಂದೆ.

ಉಂಡಿರಲಿಲ್ಲ. ಅವಳಿಗೂ ಗೊತ್ತಾಗಿರಬೇಕು. ಇನ್ನೊಮ್ಮೆ ಕೇಳದೆ ಒಳಗೆ ಹೋದಳು. ನಾನು ಸಡಕಿನ ಕಡೆ ನಡೆದೆ.